ಕಾಂಟ್ಯಾಕ್ಟ್ ಲಿಸ್ಟ್ ನಿಮ್ಮೊಬ್ಬರದಲ್ಲ

ಯಾವ ಆ್ಯಪ್ ಹಾಕಿಕೊಂಡರೂ ಮೊದಲು ಕೇಳುವುದು ಒಂದೇ: ನಿಮ್ಮ ಕಾಂಟ್ಯಾಕ್ಟ್ಸ್ ನೋಡಬಹುದಾ? ನಾವು ಸುಮ್ನೆ ಒತ್ತಿಬಿಡುತ್ತೇವೆ. ನನ್ನ ತಕರಾರು ಇಲ್ಲೇ ಇರುವುದು. ಆ ಪಟ್ಟಿಯಲ್ಲಿರುವುದು ಬೇರೆಯವರ ನಂಬರು, ಬೇರೆಯವರ ಈಮೇಲ್. ಅವರ ಪರವಾಗಿ ಹೂಂ ಅನ್ನೋಕೆ ನಾವ್ಯಾರು?

2010ರ ಫೆಬ್ರವರಿಯಲ್ಲಿ ಗೂಗಲ್ ಜಿಮೇಲ್ ಒಳಗೇ 'ಬಜ್' ಅಂತ ಒಂದು ಸೋಷಿಯಲ್ ನೆಟ್‌ವರ್ಕ್ ತಂದು ಕೂರಿಸಿತು. ನೀವು ಯಾರಿಗೆ ಜಾಸ್ತಿ ಮೇಲ್, ಚಾಟ್ ಮಾಡುತ್ತೀರೋ ಅವರನ್ನು ತಾನೇ ಆರಿಸಿ ನಿಮ್ಮ ಫಾಲೋ ಪಟ್ಟಿಗೆ ಹಾಕಿತು. ನೀವಾಗಿ ಮುಚ್ಚಿಡದಿದ್ದರೆ ಆ ಪಟ್ಟಿ ಪ್ರೊಫೈಲ್‌ನಲ್ಲಿ ಊರಿಗೆಲ್ಲ ಕಾಣುತ್ತಿತ್ತು.

ಜಾಸ್ತಿ ಮೇಲ್ ಹೋಗುವುದು ಸ್ನೇಹಿತರಿಗೇ ಅಂತ ಯಾರು ಹೇಳಿದರೋ! ಮೈಸೂರಿನ ಚಾಮರಾಜಪುರಂನಲ್ಲಿ ಆಫೀಸ್ ಇಟ್ಟಿರುವ ವಕೀಲರೊಬ್ಬರನ್ನು ಊಹಿಸಿಕೊಳ್ಳಿ. ಮಂಡ್ಯದ ಹೆಣ್ಣುಮಗಳೊಬ್ಬಳು ಡೈವೋರ್ಸ್ ವಿಷಯಕ್ಕೆ ಮನೆಯಲ್ಲಿ ಯಾರಿಗೂ ಹೇಳದೆ ಅವರ ಹತ್ತಿರ ಬಂದಿದ್ದಾಳೆ. ಇಬ್ಬರ ನಡುವೆ ದಿನಾ ಮೇಲ್ ಓಡಾಡುತ್ತಿದೆ. ವಕೀಲರ ಪಟ್ಟಿಯಲ್ಲಿ ಅವಳ ಹೆಸರು ಕಂಡರೆ ಸಾಕು, ಅವಳು ರೈಲು ಹತ್ತಿ ಮಂಡ್ಯ ಸೇರುವುದರೊಳಗೆ ಸುದ್ದಿ ಗಂಡನ ಮನೆ ಮುಟ್ಟಿರುತ್ತದೆ. ನಮ್ಮ ಕಡೆ ಎಲ್ಲರೂ ಎಲ್ಲರಿಗೂ ಎಲ್ಲೋ ಒಂದು ಕಡೆ ನೆಂಟರೇ ಅಲ್ವಾ? ಮೇಲ್‌ನಲ್ಲಿ ಏನಿದೆ ಅಂತ ಯಾರೂ ಓದಬೇಕಾಗಿಲ್ಲ. ಯಾರು ಯಾರಿಗೆ ಬರೆದರು ಅನ್ನುವುದೇ ಅರ್ಧ ಕಥೆ ಹೇಳುತ್ತದೆ. ಮನೋವೈದ್ಯರ ಕಥೆಯೂ ಅಷ್ಟೇ, ಪತ್ರಕರ್ತರದ್ದೂ ಅಷ್ಟೇ.

ಜನ ಬೈದ ಮೇಲೆ ಗೂಗಲ್ ಕೆಲವೇ ದಿನಗಳಲ್ಲಿ ತಾನಾಗಿ ಸೇರಿಸುವುದನ್ನು ಬಿಟ್ಟು, ಹೆಸರು ಸೂಚಿಸುವುದಕ್ಕೆ ಇಳಿಯಿತು. ವಿಷಯ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ತನಕ ಹೋಯಿತು. 2011ರಲ್ಲಿ 20 ವರ್ಷ ಹೊರಗಿನವರಿಂದ ಪ್ರೈವೆಸಿ ಆಡಿಟ್ ಮಾಡಿಸುವ ಕರಾರಿಗೆ ಗೂಗಲ್ ಒಪ್ಪಿತು. ಅದೇ ವರ್ಷ ಬಜ್ ಬಾಗಿಲು ಹಾಕಿತು.

ಉಳಿದವರು ಪಾಠ ಕಲಿತರಾ? ಎಲ್ಲಿಂದ ಬಂತು! ಫೇಸ್‌ಬುಕ್ ಹೊಸದಾಗಿ ಸೇರುವ ಕೆಲವರ ಹತ್ತಿರ ಈಮೇಲ್ ಪಾಸ್‌ವರ್ಡನ್ನೇ ಕೇಳುತ್ತಿತ್ತು. ಹಾಗೆ ಸುಮಾರು 15 ಲಕ್ಷ ಜನರ ಈಮೇಲ್ ಕಾಂಟ್ಯಾಕ್ಟ್‌ಗಳು ಅವರ ಒಪ್ಪಿಗೆ ಇಲ್ಲದೆ ಅದರ ಕೈ ಸೇರಿದವು. 2016ರ ಮೇ ತಿಂಗಳಿಂದ ನಡೆದಿದ್ದನ್ನು 2019ರಲ್ಲಿ ಒಪ್ಪಿಕೊಂಡು, ಉದ್ದೇಶಪೂರ್ವಕ ಅಲ್ಲ ಅಂದರು. ಮೂರು ವರ್ಷ ಉದ್ದೇಶವೇ ಇಲ್ಲದೆ!

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಹಕ್ಕೇನೋ ಇದೆ. ಆದರೆ ನನ್ನ ನಂಬರು ನಮ್ಮ ಭಾವಮೈದನ ಫೋನಿನಲ್ಲೂ ಇದೆ. ಅವನು ಒತ್ತಿದರೆ ನನ್ನದೂ ಹೋಯಿತು.

ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ಹಿಂದೆ ಅಪ್‌ಲೋಡ್ ಆದ ಕಾಂಟ್ಯಾಕ್ಟ್‌ಗಳನ್ನು ಅಳಿಸಲು ಅವಕಾಶ ಇದೆ. ಜಿಮೇಲ್‌ನಲ್ಲೂ ನೋಡಿ. ಒಂದೇ ಸಲ ಮೇಲ್ ಕಳಿಸಿದವರೂ 'ಅದರ್ ಕಾಂಟ್ಯಾಕ್ಟ್ಸ್' ಒಳಗೆ ಕೂತಿರಬಹುದು. ಹೊಸಬರು ತಾವಾಗಿ ಸೇರಿಕೊಳ್ಳುವುದನ್ನು ಅಲ್ಲಿ ನಿಲ್ಲಿಸಬಹುದು. ವಕೀಲರು, ಡಾಕ್ಟರುಗಳು ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ನೋಡಿ ಸರ್.