ಹಿಪ್ಪೆಗೆ ಹೋದ ಸೇಬು

ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಬೆನ್ನಿಗೇ ಸೇಬೂ ಸೇರುತ್ತದೆ. ನೋಡಲು ಬಂದವರು ತಲಾ ಒಂದು ಕೆಜಿ ತಂದಿಟ್ಟು, "ಜ್ಯೂಸ್ ಮಾಡಿ ಕೊಡಿ, ಶಕ್ತಿ ಬರುತ್ತೆ" ಎಂದು ಹೇಳಿ ಹೋಗುತ್ತಾರೆ. ಸೀಬೆಹಣ್ಣು ತಂದರೆ ಮರ್ಯಾದೆ ಕಡಿಮೆ. ವಿಟಮಿನ್ ಸಿ ಲೆಕ್ಕ ಹಿಡಿದರೆ ನೂರು ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂ ಆಸುಪಾಸು, ಸೇಬಿನಲ್ಲಿ ಐದರ ಹತ್ತಿರ. ಆದರೇನು, ಶಿಮ್ಲಾದಿಂದಲೋ ಕಾಶ್ಮೀರದಿಂದಲೋ ಲಾರಿ ಹತ್ತಿ ಬಂದ ಹಣ್ಣಿನ ಗತ್ತು ಹಿತ್ತಲ ಹಣ್ಣಿಗೆ ಎಲ್ಲಿಂದ ಬರಬೇಕು!

ಒಂದು ದೊಡ್ಡ ಲೋಟ, ಅಂದರೆ 240 ಮಿಲಿ ರಸಕ್ಕೆ ಸಾಧಾರಣ ಗಾತ್ರದ ಮೂರು ಸೇಬು ಬೇಕು. ತೊಟ್ಟು, ಬೀಜ ಎರಡನ್ನೂ ತೆಗೆಯಬೇಕು. ಬೀಜದಲ್ಲಿ ಅಮಿಗ್ಡಲಿನ್ ಇರುತ್ತದೆ. ಅರೆದರೆ ಅದರಿಂದ ಸಯನೈಡ್ ಹೊರಡುತ್ತದೆ. ನಾಲ್ಕು ಬೀಜ ಬಿದ್ದ ಮಾತ್ರಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಕಹಿಯಾಗುವುದಂತೂ ಖಂಡಿತ. ಚೆನ್ನಾಗಿ ತೊಳೆದಿದ್ದರೆ ಸಿಪ್ಪೆ ಇರಲಿ. ನಿಂಬೆರಸವನ್ನು ಮಿಕ್ಸಿ ತಿರುಗಿಸುವ ಮೊದಲೇ ಹಿಂಡಿ. ಹಣ್ಣು ಕತ್ತರಿಸಿದ ಕೂಡಲೇ ಅದರೊಳಗಿನ ಕಿಣ್ವ ಗಾಳಿಗೆ ಸಿಕ್ಕಿ ಕಂದು ಬಣ್ಣ ಕಟ್ಟಲು ಶುರುಮಾಡುತ್ತದೆ. ನಿಂಬೆಯ ಹುಳಿ ಅದರ ಕೈ ಕಟ್ಟುತ್ತದೆ. ಆಮೇಲೆ ಹಿಂಡಿದರೆ ರುಚಿಗಷ್ಟೇ, ಬಂದ ಬಣ್ಣ ಪೂರ್ತಿ ಹೋಗುವುದಿಲ್ಲ.

ಈಗ ಬಟ್ಟೆಯಲ್ಲಿ ಸೋಸಿ ಹಿಂಡಿ. ಕೈಯಲ್ಲಿ ಉಳಿದ ಒದ್ದೆ ಹಿಪ್ಪೆಯ ಉಂಡೆ ಇದೆಯಲ್ಲ, ಮೂರು ಸೇಬಿನ ಹನ್ನೆರಡು ಹದಿಮೂರು ಗ್ರಾಂ ನಾರು ಹೆಚ್ಚುಕಡಿಮೆ ಅದರಲ್ಲೇ ಉಳಿಯಿತು. ಲೋಟಕ್ಕೆ ಇಳಿದದ್ದು ಒಂದು ಗ್ರಾಮಿಗೂ ಕಡಿಮೆ ನಾರು, ಸುಮಾರು 25 ಗ್ರಾಂ ಸಕ್ಕರೆ. ಮೇಲೆ ಒಂದು ಚಮಚವನ್ನೂ ಹಾಕದೆಯೇ ಇಷ್ಟು! ಮೂರು ಸೇಬನ್ನು ಕಚ್ಚಿ ತಿನ್ನಲು ಹೋದರೆ ಎರಡನೆಯದಕ್ಕೇ ದವಡೆ ಬೇಡವೆನ್ನುತ್ತದೆ. ಜ್ಯೂಸ್ ಆದರೆ ಎರಡು ನಿಮಿಷದಲ್ಲಿ ಲೋಟ ಖಾಲಿ, ಊಟದ ಹಸಿವು ಇದ್ದಲ್ಲೇ ಇರುತ್ತದೆ.

ನಾರಿಲ್ಲದ ಈ ಸಕ್ಕರೆ ರಕ್ತಕ್ಕೆ ಅವಸರದಲ್ಲಿ ಏರುತ್ತದೆ, ಸಕ್ಕರೆ ಕಾಯಿಲೆಯವರು ಇದನ್ನು ದೂರವಿಡುವುದು ಇದಕ್ಕೇ. ಅದೇ ಕಾಯಿಲೆಯವರಿಗೆ ಸಕ್ಕರೆ ಇಳಿದು ಕೈ ನಡುಗಿ ಬೆವರು ಕಿತ್ತುಬಂದಾಗ ಮಾತ್ರ ಈ ಅವಸರವೇ ಉಪಕಾರ. ಅರ್ಧ ಲೋಟ, 120ರಿಂದ 150 ಮಿಲಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ರಕ್ತ ಪರೀಕ್ಷಿಸಿ, ಏರದಿದ್ದರೆ ಮತ್ತಷ್ಟೇ ಕುಡಿಸುವುದು ಕ್ರಮ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಸುರಿಯಬಾರದು. ಪೊಟ್ಯಾಶಿಯಂ ಕಡಿಮೆ ಮಾಡಿ ಎನ್ನಿಸಿಕೊಂಡ ಮೂತ್ರಪಿಂಡದ ರೋಗಿಗೆ ಇಂಥ ಹೊತ್ತಿನಲ್ಲಿ ಕಿತ್ತಳೆ ರಸಕ್ಕಿಂತ ಇದೇ ವಾಸಿ.

ಮಕ್ಕಳ ವಿಷಯ ಬೇರೆ. ಸೇಬಿನ ರಸದಲ್ಲಿ ಸಾರ್ಬಿಟಾಲ್ ಎಂಬ, ಕರುಳು ಪೂರ್ತಿ ಹೀರಿಕೊಳ್ಳದ ಸಿಹಿ ವಸ್ತು ಇದೆ, ಗ್ಲೂಕೋಸಿಗಿಂತ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಹೆಚ್ಚು. ಹೀರಿಕೊಳ್ಳದೆ ಉಳಿದದ್ದು ಕರುಳಿಗೆ ನೀರೆಳೆಯುತ್ತದೆ. ಮಲ ಗಟ್ಟಿಯಾದ ಮಗುವಿಗೆ ಸ್ವಲ್ಪ ಕೊಟ್ಟರೆ ಸಲೀಸಾಗುವುದು, ಬಾಟಲಿಯಲ್ಲಿ ಹಾಕಿ ದಿನವಿಡೀ ಚೀಪಲು ಕೊಟ್ಟರೆ ಬೇಧಿಯಾಗುವುದು, ಎರಡೂ ಇದರಿಂದಲೇ. ಜೊತೆಗೆ ಹಾಲುಹಲ್ಲಿಗೂ ಹುಳುಕು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2017ರಲ್ಲಿ ವರ್ಷದೊಳಗಿನ ಕೂಸಿಗೆ ಹಣ್ಣಿನ ರಸವೇ ಬೇಡ, ಮೂರು ವರ್ಷದವರೆಗೆ ದಿನಕ್ಕೆ 120 ಮಿಲಿ ದಾಟದಿರಲಿ ಎಂದಿತು.

ಮಾತ್ರೆಯನ್ನು ಜ್ಯೂಸಿನಲ್ಲಿ ನುಂಗುವ ಅಭ್ಯಾಸವೂ ಕೆಲವರಿಗಿದೆ. ಅಲರ್ಜಿಗೆ ಕೊಡುವ ಫೆಕ್ಸೋಫೆನಡಿನ್, ಬಿಪಿಗೆ ಕೊಡುವ ಅಟೆನೊಲಾಲ್, ಇವೆರಡೂ ಸೇಬಿನ ರಸದೊಡನೆ ಹೋದರೆ ರಕ್ತಕ್ಕೆ ಸೇರುವ ಪ್ರಮಾಣ ಇಳಿಯುತ್ತದೆ. ಮಾತ್ರೆಗೆ ನೀರೇ ಸರಿ.

ಅಂಗಡಿಯ ಪೊಟ್ಟಣ ತಂದರೆ ಮುಂದಿನ ಸೇಬಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಬೇಕು. 'ಫ್ರೂಟ್ ಡ್ರಿಂಕ್' ಎನ್ನಿಸಿಕೊಳ್ಳಲು ನಮ್ಮಲ್ಲಿ ಶೇ. 10ರಷ್ಟು ಹಣ್ಣಿನ ರಸವಿದ್ದರೆ ಸಾಕು. ಗಟ್ಟಿರಸಕ್ಕೆ ನೀರು ಬೆರೆಸಿದ್ದನ್ನು 'ನೂರಕ್ಕೆ ನೂರು ಹಣ್ಣಿನ ರಸ' ಎಂದು ಮಾರಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ತಾಕೀತು ಮಾಡಿತು. ಪಳಪಳ ಹೊಳೆಯುವ ತಿಳಿರಸಕ್ಕೆ ಮರುಳಾಗುವವರೇ ಹೆಚ್ಚು. ಕಿಣ್ವ ಹಾಕಿ ತಿಳಿಗೊಳಿಸಿ ಸೋಸುವಾಗ ಪಾಲಿಫಿನಾಲ್ ಎಂಬ, ಹಣ್ಣಿನಲ್ಲಿ ಸಹಜವಾಗಿರುವ ಒಳ್ಳೆಯ ಅಂಶಗಳಲ್ಲೂ ಬಹುಪಾಲು ಹೋಗಿರುತ್ತವೆ. ಮಬ್ಬಾಗಿ, ತಳದಲ್ಲಿ ಗಷ್ಟು ಕೂರುವ ರಸವೇ ಮೇಲು.

ಇನ್ನು ಮನೆಯವರ ಜಿಪುಣತನ. ಒಳ್ಳೆಯದನ್ನು ಹೆಚ್ಚಿ ತಿನ್ನುವುದು, ಕೊಳೆತದ್ದನ್ನು ಜ್ಯೂಸಿಗೆ ಹಾಕುವುದು! ಪೆಟ್ಟು ಬಿದ್ದು ಕಂದಾದ ಹಣ್ಣು ತೊಂದರೆಯಿಲ್ಲ, ಆ ಭಾಗ ಕೆತ್ತಿ ತೆಗೆದು ಬಳಸಬಹುದು. ನೀಲಿ ಹಸಿರು ಬೂಸ್ಟು ಬಂದಿದ್ದರೆ ಮಾತ್ರ ಅದರಲ್ಲಿ ಪ್ಯಾಟುಲಿನ್ ಎಂಬ ವಿಷ ಇರಬಹುದು, ಅದು ಸುತ್ತಲಿನ ತಿರುಳಿಗೂ ಹರಡಿರಬಹುದು, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಸೇಬು ಎಷ್ಟೇ ದುಬಾರಿಯದ್ದಾಗಿರಲಿ, ಇಡೀ ಹಣ್ಣನ್ನೇ ಎಸೆಯಬೇಕು.