ಆಲ್ಪ್ಸ್ ಘಾಟಿಯಲ್ಲಿ ಕೆಟ್ಟು ನಿಂತ ಲಾರಿ

ನನಗೆ 47 ವರ್ಷ. ಸಂಪಾಜೆ ಘಾಟಿಯಲ್ಲಿ ಕಾರು ಬಿಡಲು ಇವತ್ತಿಗೂ ಧೈರ್ಯವಿಲ್ಲ. ಮಡಿಕೇರಿಗೆ ಹೋಗುವುದಿದ್ದರೆ ಹೆಂಡತಿಯೇ ಸ್ಟಿಯರಿಂಗ್ ಹಿಡಿಯುವುದು. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿಯುತ್ತಾ ಇರುತ್ತೇನೆ. ಆದರೆ ರಾತ್ರಿ ಊಟವಾಗಿ ಮನೆಯವರೆಲ್ಲ ಮಲಗಿದ ಮೇಲೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ನಾಲ್ಕು ಕಿಲೋಮೀಟರ್ ಒಳಗಿರುವ ನಮ್ಮ ಹಂಚಿನ ಮನೆಯ ಮೂಲೆ ಕೋಣೆಯಲ್ಲಿ ಕೂತು, ಇಟಲಿಯಿಂದ ಜರ್ಮನಿಗೆ 22 ಟನ್ ಚೀಸ್ ಸಾಗಿಸುತ್ತೇನೆ.

ಕಂಪ್ಯೂಟರ್ ತಂದದ್ದು 2020ರಲ್ಲಿ, ಮಗನ ಆನ್‌ಲೈನ್ ಪಾಠಕ್ಕೆ. ಪಾಠ ಮುಗಿಯಿತು, ಕಂಪ್ಯೂಟರ್ ಉಳಿಯಿತು. ಅಷ್ಟು ದುಡ್ಡು ಕೊಟ್ಟು ತಂದದ್ದು ಸುಮ್ನೆ ಹಾಳಾಗಬಾರದಲ್ಲ ಎಂಬ ಒಂದೇ ಕಾಳಜಿಯಿಂದ ನಾನು ಲಾರಿ ಬಿಡುವ ಆಟ ಕಲಿತೆ.

ತೊಂದರೆ ಶುರುವಾದದ್ದು ಮಾರ್ಚ್‌ನಲ್ಲಿ. ಇಟಲಿಯ ಬಯಲಿನಲ್ಲಿ ಬೆಣ್ಣೆಯ ಹಾಗೆ ಜಾರುತ್ತಿದ್ದ ಲಾರಿ ಆಲ್ಪ್ಸ್ ಪರ್ವತದ ಬುಡಕ್ಕೆ ಬಂದದ್ದೇ ತಡ, ಏದುಸಿರು ಬಿಡತೊಡಗಿತು. ಸ್ಟಿಯರಿಂಗ್ ತಿರುಗಿಸಿದರೆ ಒಂದು ಗಳಿಗೆ ಬಿಟ್ಟು ತಿರುಗುತ್ತದೆ. ಎದುರಿನ ಕಾರು ಇಲ್ಲಿದ್ದದ್ದು ಒಮ್ಮೆಗೇ ಅಲ್ಲಿರುತ್ತದೆ. ನನಗೇನೂ ಸಂಶಯ ಬರಲಿಲ್ಲ. ಘಾಟಿ, ಮೇಲಿಂದ 22 ಟನ್ ಲೋಡು, ಲಾರಿ ನಿಧಾನವಾಗದೆ ಇನ್ನೇನು? ಎಂಥ ಚೆಂದ ಆಟ ಮಾಡಿದ್ದಾರೆ ಮಾರಾಯ್ರೆ ಎಂದು ಹೊಗಳಿಕೊಂಡು ಎರಡನೇ ಗೇರಿನಲ್ಲಿ ಹತ್ತಿದೆ. ಹೀಗೆ ಒಂದು ವಾರ.

ಮರುವಾರ ಹಾಲೆಂಡಿಗೆ ಹೂವು ಒಯ್ಯುವ ಕೆಲಸ ಸಿಕ್ಕಿತು. ಹಾಲೆಂಡಿನಲ್ಲಿ ಘಾಟಿ ಎಲ್ಲಿಂದ ಬರಬೇಕು? ಅದು ಚಪಾತಿಯ ಹಾಗೆ ಚಪ್ಪಟೆ ದೇಶ. ಅಲ್ಲೂ 20 ನಿಮಿಷಕ್ಕೆ ಸರಿಯಾಗಿ ಲಾರಿ ಏದುಸಿರು ಬಿಟ್ಟಿತು. ಆಗ ಗೊತ್ತಾಯಿತು, ರೋಗ ಲಾರಿಗಲ್ಲ.

ನಮ್ಮ ಕಡೆ ಯಾರಿಗಾದರೂ ಕಾಯಿಲೆ ಎಂದರೆ ದಾರಿಯಲ್ಲಿ ಸಿಕ್ಕಿದವರೆಲ್ಲ ಮದ್ದು ಹೇಳುತ್ತಾರೆ. ಕಂಪ್ಯೂಟರಿಗೂ ಅದೇ ಆಯಿತು. ಆಚೆಮನೆ ಅಣ್ಣ ನೆಟ್ ಸ್ಲೋ ಎಂದರು. ಈ ಆಟಕ್ಕೆ ನೆಟ್ಟೇ ಬೇಡ ಎಂದರೆ, ‘ಬೇಡದಿದ್ದರೂ ಒಳಗಿಂದ ಎಳೀತಾ ಇರ್ತದೆ, ನಿನಗೆ ಗೊತ್ತಾಗುವುದಿಲ್ಲ’ ಎಂದರು. ಭಾವ ವೈರಸ್ ಎಂದ. ಭಾವನಿಗೆ 2003ರಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಆಗಿದೆ, ಅಂದಿನಿಂದ ಎಲ್ಲವೂ ವೈರಸ್ಸೇ. ಅವನ ಮಾತು ಕೇಳಿ ವಿಂಡೋಸನ್ನು ಅಳಿಸಿ ಹೊಸತಾಗಿ ಹಾಕಿಸಿದೆ. ಎರಡು ದಿನ ಹೋಯಿತು, ಅಡಿಕೆ ಲೆಕ್ಕದ ಫೈಲೂ ಹೋಯಿತು. ಲಾರಿ ಮತ್ತೆ 20ನೇ ನಿಮಿಷಕ್ಕೆ ಅಡ್ಡಬಿತ್ತು. ಆಮೇಲೆ ಮಂಗಳೂರಿಗೆ ಹೋದಾಗ ಇನ್ನೊಂದು 8 ಜಿಬಿ ರ‍್ಯಾಮ್ ತಂದು ಸಿಕ್ಕಿಸಿದೆ. ಕುಂಟುವವನಿಗೆ ಹೊಸ ಅಂಗಿ ಹೊಲಿಸಿದ ಹಾಗಾಯಿತು. ಮಗನದ್ದು ಒಂದೇ ಮಾತು: ‘ಗ್ರಾಫಿಕ್ಸ್ ಕಾರ್ಡ್ ಹೊಸತು ಬೇಕಪ್ಪ.’ ಇದರಲ್ಲಿ ಅವನ ಸ್ವಾರ್ಥ ಎಷ್ಟು ಎಂದು ಗೊತ್ತಿದ್ದ ಕಾರಣ ಆ ಸಲಹೆಯನ್ನು ಅಲ್ಲೇ ಕೈಬಿಟ್ಟೆ.

ನಿಜ ಹೇಳಬೇಕೆಂದರೆ ಎಲ್ಲರಿಗಿಂತ ಮೊದಲು ರೋಗ ಹಿಡಿದದ್ದು ಬೆಕ್ಕು. ಕಳೆದ ಮಳೆಗಾಲವಿಡೀ ಅದು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆಯೇ ಮಲಗಿತ್ತು. ಜುಲೈ ತಿಂಗಳ ಚಳಿಯಲ್ಲಿ ಒಲೆಯ ಬುಡ ಬಿಟ್ಟರೆ ಬೆಚ್ಚಗಿನ ಜಾಗ ಅದೊಂದೇ. ಮಾರ್ಚ್ ಬಂದದ್ದೇ ಪೆಟ್ಟಿಗೆಯನ್ನು ಮೂಸಿ ನೋಡಿ, ಮುಖ ಸಿಂಡರಿಸಿ, ಜಗಲಿಯ ಕಾವಿ ನೆಲಕ್ಕೆ ಹೋಗಿ ಕಾಲು ಚಾಚಿತು. ಮತ್ತೆ ಈ ಕೋಣೆಗೆ ಬರಲಿಲ್ಲ. ನಾನದನ್ನು ನೋಡಿದೆ, ಆದರೆ ಬೆಕ್ಕಿನ ಮಾತು ಯಾರು ಕೇಳುತ್ತಾರೆ? ಅದಕ್ಕೆ ಕೋರ್ಸ್ ಆಗಿಲ್ಲವಲ್ಲ.

ಕೊನೆಗೆ ಬೆಂಗಳೂರಿನಲ್ಲಿರುವ ಅಳಿಯನಿಗೆ ಫೋನ್ ಮಾಡಿದೆ. ಅಕ್ಕನ ಮಗ, ಕಂಪ್ಯೂಟರಿನದ್ದೇ ಕೆಲಸ. ಅವನು ಡಾಕ್ಟರರ ಹಾಗೆ ಪ್ರಶ್ನೆ ಕೇಳಿದ.

‘ಮಾವ, ಶುರುವಿಗೆ ಸರಿ ಇರ್ತದಾ?’

‘ಇರ್ತದೆ.’

‘ಸ್ವಲ್ಪ ಹೊತ್ತಾದ ಮೇಲೆ ನಿಧಾನ?’

‘ಹೌದು.’

‘ಮಧ್ಯೆ ಚಾ ಕುಡಿದು ಬಂದರೆ?’

‘ಸರಿ ಆಗಿರ್ತದೆ. ನಾನು ಅದು ಚಾದ ಗುಣ ಅಂತ ತಿಳಿದಿದ್ದೆ.’

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದು ಸಾಫ್ಟ್‌ವೇರ್ ಹಾಕಿಸಿ, ಲಾರಿ ಬಿಡುತ್ತಾ ಅಂಕಿ ಓದಲು ಹೇಳಿದ. ಓದಿದೆ. ಕಂಪ್ಯೂಟರಿನ ಮೆದುಳು ಎನ್ನುವ ಪ್ರೊಸೆಸರಿನ ಬಿಸಿ 62 ಡಿಗ್ರಿ, 78, 91. ಲಾರಿ ಏದುಸಿರು ಬಿಡುವ ಹೊತ್ತಿಗೆ 99. ಅದೇ ಗಳಿಗೆಯಲ್ಲಿ ಪ್ರೊಸೆಸರಿನ ವೇಗ ತೋರಿಸುವ ಪಕ್ಕದ ಅಂಕಿ, 3.6 ಗಿಗಾಹರ್ಟ್ಸ್ ಇದ್ದದ್ದು, 1.2ಕ್ಕೆ ಇಳಿಯಿತು. ನೀರು ಕುದಿಯುವುದು 100ರಲ್ಲಿ. ಇನ್ನೊಂದು ಡಿಗ್ರಿ ಇದ್ದರೆ ಕುಚ್ಚಲಕ್ಕಿಗೆ ಎಸರು ಇಡಬಹುದಿತ್ತು.

ಇದಕ್ಕೆ ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರಂತೆ. ಪ್ರೊಸೆಸರಿಗೆ ಬಿಸಿ ತಡೆಯುವ ಒಂದು ಮಿತಿ ಉಂಟು, ಹೆಚ್ಚಿನವಕ್ಕೆ 100 ಡಿಗ್ರಿಯ ಆಸುಪಾಸು. ಅದು ಹತ್ತಿರ ಬಂದರೆ ಸುಟ್ಟುಹೋಗುವ ಬದಲು ತಾನಾಗಿಯೇ ಕೆಲಸ ನಿಧಾನ ಮಾಡುತ್ತದೆ. ತಣಿದ ಮೇಲೆ ಮತ್ತೆ ವೇಗ. ನನಗೆ ಇದು ತಕ್ಷಣ ಅರ್ಥವಾಯಿತು. ಕೇರಳದಲ್ಲಿ ಬೇಸಗೆ ಬಂತೆಂದರೆ ಮಧ್ಯಾಹ್ನ 12ರಿಂದ 3ರ ವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂದು ಕಾರ್ಮಿಕ ಇಲಾಖೆಯ ಆದೇಶ ಬರುತ್ತದೆ. ನಮ್ಮ ಪ್ರೊಸೆಸರ್ ಆದೇಶಕ್ಕೂ ಕಾಯದೆ ನೆರಳು ಹುಡುಕಿಕೊಂಡಿತ್ತು, ಅಷ್ಟೆ.

‘ಗಾಳಿ ಹೋಗುವ ಜಾಗ ಮುಚ್ಚಿದೆಯಾ ನೋಡಿ ಮಾವ’ ಎಂದ ಅಳಿಯ.

ನೋಡಿದೆ. ಇಲ್ಲಿ ಒಂದು ಶಾಲಿನ ವಿಷಯ ಹೇಳಬೇಕು.

ಕಾಸರಗೋಡಿನ ಕನ್ನಡಿಗರ ಮನೆಯಲ್ಲಿ ಅಕ್ಕಿ ಇಲ್ಲದಿರಬಹುದು, ಸನ್ಮಾನದ ಶಾಲು ಇಲ್ಲದಿರುವುದಿಲ್ಲ. ಶಾಲೆಯ ವಾರ್ಷಿಕೋತ್ಸವ, ಭಜನಾ ಮಂದಿರದ ಬೆಳ್ಳಿಹಬ್ಬ, ತಾಳಮದ್ದಳೆ, ಕನ್ನಡದ ಯಾವುದೇ ಕಾರ್ಯಕ್ರಮ ಇರಲಿ, ವೇದಿಕೆಯ ಹತ್ತಿರ ಹಾದುಹೋದರೂ ಹಿಡಿದು ಒಂದು ಶಾಲು ಹೊದಿಸಿ ಕಳಿಸುತ್ತಾರೆ. ನನಗೂ ಒಂದು ಸಿಕ್ಕಿತ್ತು. ಯಾಕೆಂದು ನನಗಿನ್ನೂ ಗೊತ್ತಿಲ್ಲ, ಕುರ್ಚಿ ಜೋಡಿಸಿದ್ದಕ್ಕೆ ಇರಬೇಕು. ಕೆಂಪು ಬಣ್ಣ, ಎರಡು ಬೆರಳು ಅಗಲದ ಜರಿ. ಈ ಸೆಕೆಯಲ್ಲಿ ಅದನ್ನು ಹೊದೆಯಲು ಯಾರಿಗೆ ಹುಚ್ಚು? ಅಮ್ಮ ಅದನ್ನು ಕಂಪ್ಯೂಟರಿಗೆ ಹೊದಿಸಿದ್ದರು. ಪೆಟ್ಟಿಗೆಯ ತಲೆ ಮೇಲಿನ ಜಾಲರಿ ಪೂರ್ತಿ ಮುಚ್ಚಿತ್ತು. ಹಿಂದಿನಿಂದ ಬಿಸಿಗಾಳಿ ಹೊರಗೆ ಬರುವ ಕಿಂಡಿಯ ಮೇಲೆ ಜರಿಯ ಅಂಚು ಚೆಂದಕ್ಕೆ ಇಳಿಬಿದ್ದಿತ್ತು. ಒಂದು ಹಾರ, ಒಂದು ಫಲಪುಷ್ಪದ ತಟ್ಟೆ ಮಾತ್ರ ಬಾಕಿ.

‘ಅಮ್ಮ, ಇದನ್ನು ಯಾರು ಹಾಕಿದ್ದು?’

‘ನಾನೇ ಹಾಕಿದ್ದು. ಆಚೆ ಕೋಣೆಯಲ್ಲಿ ಅಡಿಕೆ ಸುಲಿಯುವಾಗ ಎಂಥ ಧೂಳು ಹಾರ್ತದೆ ಗೊತ್ತುಂಟಾ ನಿನಗೆ? ಪಾಪ, ಮೂಲೆಯಲ್ಲಿ ಹಾಗೇ ಬೋಳಾಗಿ ಇತ್ತು.’

ಗದರಿಸಲು ಬಾಯಿ ಬರಲಿಲ್ಲ. ಆಟ ಆಡುವಾಗ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಪೆಟ್ಟಿಗೆ ಇರುವುದು ಮೇಜಿನ ಅಡಿಯ ಗೂಡಿನಲ್ಲಿ, ನನ್ನ ಕಣ್ಣು ಇರುವುದು ಜರ್ಮನಿಯಲ್ಲಿ.

ಶಾಲು ತೆಗೆದೆ, ಪೆಟ್ಟಿಗೆಯನ್ನು ಗೂಡಿನಿಂದ ಹೊರಗೆಳೆದೆ. ಹತ್ತು ಡಿಗ್ರಿ ಇಳಿಯಿತು. ಸಾಲದು ಎಂದ ಅಳಿಯ. ಹೊರಗೇ 35 ಡಿಗ್ರಿ ಇರುವಾಗ ಫ್ಯಾನು ಆ 35ರ ಗಾಳಿಯನ್ನೇ ತಾನೇ ಊದಬೇಕು? ಅದು ಏಸಿ ಅಲ್ಲವಲ್ಲ. ಹಾಗಾಗಿ ಉಳಿದ ಅಡ್ಡಿಯನ್ನಾದರೂ ತೆಗೆಯಬೇಕು, ಪೆಟ್ಟಿಗೆ ಬಿಚ್ಚಿ ಒಳಗೆ ನೋಡಬೇಕು ಎಂದ.

ಭಾನುವಾರ ಬೆಳಿಗ್ಗೆ ಪ್ಲಗ್ ಕಿತ್ತು, ಪೆಟ್ಟಿಗೆಯನ್ನು ಜಗಲಿಗೆ ತಂದು ಪಕ್ಕದ ತಗಡು ಬಿಚ್ಚಿದೆ. ಅಮ್ಮ ಎಲೆಯಡಿಕೆಯ ಹರಿವಾಣ ಸಮೇತ ಬಂದು ಕೂತರು. ಒಳಗೆ ಎರಡು ಹಲ್ಲಿಮೊಟ್ಟೆಯ ಚಿಪ್ಪು, ಮಳೆಗಾಲದ ಹಾತೆಗಳ ರೆಕ್ಕೆ, ಬೆಕ್ಕಿನ ರೋಮ. ಪ್ರೊಸೆಸರಿನ ಮೇಲೆ ಕೂತ ಫ್ಯಾನು ತಿರುಗುತ್ತಿತ್ತು, ಅದು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಪ್ರೊಸೆಸರಿನ ಬಿಸಿ ಹೀರಿಕೊಳ್ಳುವ ಅಲ್ಯೂಮಿನಿಯಂ ಎಲೆಗಳ ಸಾಲು ಇರುತ್ತದಲ್ಲ, ಹೀಟ್‌ಸಿಂಕ್, ಅದು ಕಾಣಲೇ ಇಲ್ಲ. ಫ್ಯಾನನ್ನು ಕಳಚಿದಾಗ ಅದರ ಮೇಲೆ ಒಂದು ಬೂದು ಬಣ್ಣದ ಹಾಸು ಇತ್ತು. ಉಗುರಿನಿಂದ ಒಂದು ಮೂಲೆ ಎತ್ತಿದರೆ ದೋಸೆ ಕಾವಲಿಯಿಂದ ಏಳುವ ಹಾಗೆ ಇಡಿಗೆ ಇಡಿಯೇ ಎದ್ದು ಬಂತು. ಬೆಳಕಿಗೆ ಹಿಡಿದು ನೋಡಿದೆ. ಅಡಿಕೆ ಸಿಪ್ಪೆಯ ನಾರು, ಊದುಬತ್ತಿಯ ಬೂದಿ, ಬೆಕ್ಕು, ಎಲ್ಲ ಸೇರಿ ಒಂದು ಕಂಬಳಿ. ಮೇಲೆ ಅಮ್ಮ ಹೊದಿಸಿದ ಶಾಲು, ಒಳಗೆ ತಾನೇ ನೇಯ್ದುಕೊಂಡ ಕಂಬಳಿ. ಫ್ಯಾನು ಮೂರು ವರ್ಷದಿಂದ ಈ ಕಂಬಳಿಗೆ ಗಾಳಿ ಹಾಕುತ್ತಿತ್ತು.

ಪೈಂಟಿನ ಹಳೆಯ ಬ್ರಷ್ಷು, ಮಗನ ಸೈಕಲ್ ಪಂಪು, ಇಷ್ಟರಲ್ಲಿ ಧೂಳು ಹೋಯಿತು. ಪಂಪಿನ ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕಂತೆ, ಇಲ್ಲದಿದ್ದರೆ ಅದು ಯದ್ವಾತದ್ವಾ ತಿರುಗಿ ಹಾಳಾಗುತ್ತದೆ. ಹೀಟ್‌ಸಿಂಕ್ ಎತ್ತಿದಾಗ ಅಡಿಯಲ್ಲಿ ಬಿಳಿ ಪುಡಿ. ಇದು ಥರ್ಮಲ್ ಪೇಸ್ಟ್. ಎರಡು ಲೋಹ ಎಷ್ಟೇ ನುಣುಪಾದರೂ ನಡುವೆ ಕಣ್ಣಿಗೆ ಕಾಣದ ಸಂದು ಇರುತ್ತದೆ, ಅಲ್ಲಿ ಗಾಳಿ ಕೂತರೆ ಬಿಸಿ ದಾಟುವುದಿಲ್ಲ. ಆ ಸಂದು ತುಂಬಲು ಈ ಪೇಸ್ಟ್. ನಮ್ಮದು ಒಣಗಿ ಬಿರುಕು ಬಿಟ್ಟಿತ್ತು.

‘ಸುಣ್ಣ ಒಣಗಿದೆ’ ಎಂದರು ಅಮ್ಮ, ಕರಡಿಗೆಯ ಮುಚ್ಚಳ ಹಾಕುತ್ತಾ.

ಹಳೆಯದನ್ನು ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಪೇಟೆಯ ಮೆಡಿಕಲ್ ಶಾಪಿಗೆ ಹೋದರೆ ಖಾಯಂ ಇರುವವರು ಇಲ್ಲ. ತೆಂಕಿನ ಕಡೆಯಿಂದ ಬಂದ ಹೊಸ ಹುಡುಗ ನಿಂತಿದ್ದ. ಅವನಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ಆಲ್ಕೋಹಾಲ್ ಯಾಕೆ ಎಂದು ಕೇಳಿದ. ನನ್ನ ಮಲಯಾಳ ಬಸ್ಸಿನ ಬೋರ್ಡು ಓದುವಷ್ಟು ಮಾತ್ರ. ಮಲಯಾಳದಲ್ಲಿ ‘ಪಣಿ’ ಎಂದರೆ ಕೆಲಸ, ‘ಪನಿ’ ಎಂದರೆ ಜ್ವರ. ಕಂಪ್ಯೂಟರಿನದ್ದು ಸ್ವಲ್ಪ ಕೆಲಸ ಉಂಟು ಎನ್ನಲು ಹೋಗಿ ನಾನು, ಕಂಪ್ಯೂಟರಿಗೆ ಸ್ವಲ್ಪ ಪನಿ ಉಂಟು ಎಂದುಬಿಟ್ಟೆ. ಹುಡುಗ ಮುಖದ ಒಂದು ಗೆರೆಯೂ ಅಲುಗಿಸದೆ ಕೇಳಿದ: ‘ಎತ್ರ ದಿವಸಮಾಯಿ?’ ಎಷ್ಟು ದಿನ ಆಯಿತು ಎಂದು. ನಾನೂ ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಎರಡು ತಿಂಗಳು ಎಂದೆ. ಹಿಂದೆ ನಿಂತಿದ್ದ ಹೆಂಗಸು ನಕ್ಕಾಗಲೇ ನನಗೆ ಗೊತ್ತಾದದ್ದು. ಆದರೆ ಯೋಚಿಸಿದರೆ, ನಾನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಪೇಸ್ಟನ್ನು ಆನ್‌ಲೈನಲ್ಲಿ ತರಿಸಿದೆ. ಸಣ್ಣ ಸಿರಿಂಜಿನಲ್ಲಿ ಬರುತ್ತದೆ. ಒಂದು ಬಟಾಣಿಯಷ್ಟು ಸಾಕು ಎಂದಿದ್ದ ಅಳಿಯ. ದುಡ್ಡು ಕೊಟ್ಟು ತಂದದ್ದಲ್ಲವೇ, ನಾನು ಸಿರಿಂಜನ್ನು ಒತ್ತುತ್ತಲೇ ಇದ್ದೆ. ಅಮ್ಮ ಕೈ ಹಿಡಿದರು. ‘ಸಾಕು ಮಾರಾಯ. ಸುಣ್ಣ ಜಾಸ್ತಿ ಆದರೆ ಬಾಯಿ ಸುಡ್ತದೆ.’ ಅರವತ್ತು ವರ್ಷ ವೀಳ್ಯದೆಲೆಗೆ ಸುಣ್ಣ ಹಚ್ಚಿದ ಕೈ. ಆ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ಜಾಸ್ತಿಯಾದದ್ದನ್ನು ಒರೆಸಿ ಹೀಟ್‌ಸಿಂಕ್ ಕೂರಿಸಿದೆ.

ಕಂಪ್ಯೂಟರ್ ಹಾಕಿದೆ. ಫ್ಯಾನು ಚೆಂಡೆಯ ಜೊತೆ ಪೈಪೋಟಿಗೆ ಬಿದ್ದ ಹಾಗೆ ಬೊಬ್ಬೆ ಹಾಕಿತು. ವಿಂಡೋಸ್ ತೆರೆದು ಒಂದು ನಿಮಿಷ ಆಗುವುದರೊಳಗೆ ಪರದೆ ಕಪ್ಪಾಯಿತು. ಮತ್ತೆ ಹಾಕಿದೆ, ಮತ್ತೆ ಕಪ್ಪು. ಮೊದಲು ಲಾರಿ 20 ನಿಮಿಷವಾದರೂ ಓಡುತ್ತಿತ್ತು. ಈಗ ಗೇಟೂ ದಾಟುವುದಿಲ್ಲ. ಮಗ ಬಾಗಿಲಲ್ಲಿ ನಿಂತು ‘ಹೊಸ ಕಂಪ್ಯೂಟರೇ ಬೇಕಾಗ್ತದೇನೋ’ ಎಂದ. ದನಿಯಲ್ಲಿ ದುಃಖ ಸಾಲದಾಗಿತ್ತು.

ಅಳಿಯ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ‘ನಾಲ್ಕೂ ಕಾಲು ಕೂತಿದೆಯಾ?’ ನಮ್ಮ ಹೀಟ್‌ಸಿಂಕಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಒಂದೊಂದನ್ನೂ ‘ಟಿಕ್’ ಎನ್ನುವ ತನಕ ಒತ್ತಬೇಕು. ಅದೂ ಸಾಲಾಗಿ ಅಲ್ಲ, ಒಂದು ಮೂಲೆ ಒತ್ತಿದರೆ ಆಮೇಲೆ ಅದರ ಎದುರು ಮೂಲೆ. ನಾನು ಮೂರು ಟಿಕ್ ಕೇಳಿಸಿಕೊಂಡು ನಾಲ್ಕನೆಯದು ಫ್ಯಾನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದುಕೊಂಡಿದ್ದೆ. ಫ್ಯಾನು ಆಗ ತಿರುಗುತ್ತಲೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಕಾಲು ಎದ್ದಿದ್ದರೆ ಲೋಹಕ್ಕೆ ಲೋಹ ಮುಟ್ಟುವುದಿಲ್ಲ. ಬಿಸಿ ಮಿತಿ ಮೀರಿದಾಗ ಯಂತ್ರ ನಿಧಾನ ಮಾಡುವ ಗೋಜಿಗೂ ಹೋಗದೆ ಸೀದಾ ಆರಿಹೋಗುತ್ತದೆ. ಹೀಟ್‌ಸಿಂಕ್ ಮತ್ತೆ ಎತ್ತಿ, ಪೇಸ್ಟ್ ಮತ್ತೆ ಹಚ್ಚಿ, ಕಾಲು ಮತ್ತೆ ಒತ್ತಿದೆ. ನಾಲ್ಕು ಟಿಕ್. ಮನೆಯವರೆಲ್ಲ ಗಟ್ಟಿಯಾಗಿ ಎಣಿಸಿದರು.

ಆ ರಾತ್ರಿ ಪರದೆಯ ಮೂಲೆಯಲ್ಲಿ ಅಂಕಿ 71ಕ್ಕೆ ಬಂದು ನಿಂತಿತು. ಅರ್ಧ ಗಂಟೆ ಕಳೆದರೂ 71. ಬೆಕ್ಕು ಬಂದು ಪೆಟ್ಟಿಗೆಯನ್ನು ಮೂಸಿ, ಇನ್ನೂ ನಂಬಿಕೆ ಬಾರದೆ, ಒಂದಡಿ ದೂರದಲ್ಲಿ ಕೂತಿತು. ಶಾಲನ್ನು ಅಮ್ಮ ಮಡಚಿ ಕಪಾಟಿನಲ್ಲಿಟ್ಟರು. ನಾನು ಇಟಲಿಯಲ್ಲಿ ಚೀಸ್ ತುಂಬಿಸಿ ಹೊರಟೆ. ಮಗ ಪಕ್ಕದಲ್ಲಿ ಕುರ್ಚಿ ಎಳೆದು ಕೂತ. ಬಯಲು ದಾಟಿತು, ಸುರಂಗ ದಾಟಿತು, ಆಲ್ಪ್ಸ್ ಬಂತು. ಸೆಕೆಂಡಿಗೆ 60 ಚಿತ್ರ. ಎಲ್ಲೂ ಒಂದು ಎಡವಟ್ಟಿಲ್ಲ, ಏದುಸಿರಿಲ್ಲ. ಎರಡು ತಿಂಗಳಿನಿಂದ ಎರಡನೇ ಗೇರಿನಲ್ಲಿ ತೆವಳುತ್ತಿದ್ದ ಅದೇ ತಿರುವು ಎದುರಾಯಿತು. ಲಾರಿ ಅಷ್ಟು ವೇಗದಲ್ಲಿ ಆ ತಿರುವಿಗೆ ಬಂದದ್ದೇ ಅದು ಮೊದಲ ಸಲ. ನಾನು ಮೇಜಿನ ಅಡಿಯಲ್ಲಿ ಇಲ್ಲದ ಬ್ರೇಕನ್ನು ಬಲವಾಗಿ ತುಳಿದೆ. ತಡೆಬೇಲಿ ಹಾರಿ, 22 ಟನ್ ಚೀಸ್ ಸಮೇತ ಲಾರಿ ಕಮರಿಯಲ್ಲಿ ಚಕ್ರಗಳನ್ನೆಲ್ಲ ಮೇಲೆ ಮಾಡಿ ಮಲಗಿತು.

ಮಗ ಮೂಲೆಯ ಅಂಕಿ ನೋಡಿದ. 71. ಆಮೇಲೆ ನನ್ನ ಮುಖ ನೋಡಿದ.

‘ಅಪ್ಪ, ಇದೂ ಬಿಸಿಯಿಂದ ಆದದ್ದಾ?’