ಕೇಳಿದ್ದು ಪೇಂಟ್ ಉಳಿಸುವುದಕ್ಕೆ, ಮಾರಿದ್ದು ಬರೀ ಹೊಳಪು

ಇವತ್ತು ಬೆಳಿಗ್ಗೆ ಕಾರಿನ ಬಾನೆಟ್ ಮೇಲೆ ಕೈಯಾಡಿಸಿದೆ. ಬಿಳಿ ಬಿಳಿ ಉಂಗುರಗಳು. ಒಂದಲ್ಲ ಎರಡಲ್ಲ, ಬಾನೆಟ್ ತುಂಬಾ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಾಯವಾಗುತ್ತವೆ. ಒಣಗಿದ ಮೇಲೆ ನೋಡಿದರೆ ಅಲ್ಲೇ ಕೂತಿರುತ್ತವೆ. ಕಾರು ತೆಗೆದುಕೊಂಡು ಇನ್ನೂ ಹನ್ನೊಂದು ತಿಂಗಳು. ಸಾಲದ ಕಂತು ಇನ್ನೂ ನಾಲ್ಕು ವರ್ಷ ಕಟ್ಟಬೇಕು. ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಗುಡಿಬಂಡೆ ಕಡೆಯ ಒಂದು ಶಾಲೆಯಲ್ಲಿ ಟೀಚರ್. ದಿನಾ ಹೈದರಾಬಾದ್ ಹೆದ್ದಾರಿಯಲ್ಲಿ ಪೆರೇಸಂದ್ರದವರೆಗೆ ಹೋಗಿ ಅಲ್ಲಿ ತಿರುಗಬೇಕು. ಆ ದಾರಿಯಲ್ಲಿ ಓಡಾಡುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಜಲ್ಲಿ ತುಂಬಿದ ಟಿಪ್ಪರ್. ಮೇಲೆ ಟಾರ್ಪಾಲ್ ಇಲ್ಲ. ಹಿಂದೆ ನಾವು. ಮನೆಗೆ ಬರುವಷ್ಟರಲ್ಲಿ ಕಡು ನೀಲಿ ಕಾರು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಇನ್ನು ತೊಳೆಯೋಣ ಎಂದರೆ ಬೋರ್‌ವೆಲ್ ನೀರು. ನಮ್ಮ ಮನೆಯ ಬಿಂದಿಗೆ ಒಳಗೆ ನೋಡಿ, ಗೀಸರ್ ಬಿಚ್ಚಿ ನೋಡಿ, ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಮ್ಮ ನಂದಿ ಸುತ್ತಿನ ಬೆಟ್ಟಗಳಲ್ಲೇ ಹುಟ್ಟುತ್ತವೆ ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಮನೆಗೆ ಬಂದರೆ ನಲ್ಲಿಯಲ್ಲಿ ಈ ನೀರು.

ಇದೆಲ್ಲಾ ನನಗೆ ಮೊದಲೇ ಗೊತ್ತಿತ್ತು. ಕಾರು ತೆಗೆದುಕೊಳ್ಳುವ ದಿನವೇ ಶೋರೂಮಿನಲ್ಲಿ ಬಾಯಿ ಬಿಟ್ಟು ಹೇಳಿದ್ದೆ. ನಮ್ಮದು ಕ್ರಷರ್ ಧೂಳಿನ ದಾರಿ, ನೀರು ಗಡಸು, ಪೇಂಟ್ ಹಾಳಾಗದೆ ಇರುವುದಕ್ಕೆ ಏನು ಹಾಕಬೇಕು ಹೇಳಿ ಎಂದು. ಆ ಹುಡುಗ ಒಂದು ನಿಮಿಷವೂ ಯೋಚಿಸಲಿಲ್ಲ. "ಟೆಫ್ಲಾನ್ ಕೋಟಿಂಗ್ ಮಾಡಿಸಿ ಮೇಡಂ, ಮೂರು ವರ್ಷ ತಲೆನೋವೇ ಇರಲ್ಲ" ಅಂದ. ಆರೂವರೆ ಸಾವಿರ ರೂಪಾಯಿ. ಒಂದು ಬಾಟಲಿ ಮಿನರಲ್ ನೀರು ತಂದು ಬಾನೆಟ್ ಮೇಲೆ ಸುರಿದು ತೋರಿಸಿದ. ನೀರು ಹನಿ ಹನಿಯಾಗಿ ಉರುಳಿತು. "ನೋಡಿ ಮೇಡಂ, ಮುತ್ತಿನ ಥರ!" ನಾನು ನಂಬಿದೆ. ದುಡ್ಡು ಕಟ್ಟಿದೆ.

ಆಮೇಲೆ ಕೂತು ಓದಿದೆ. ಟೆಫ್ಲಾನ್ ಅನ್ನುವುದು ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್. ಅದು ಕರಗುವುದೇ 327 ಡಿಗ್ರಿ ಸೆಲ್ಸಿಯಸ್ ಹತ್ತಿರ. ನಾನ್‌ಸ್ಟಿಕ್ ತವಾಗೆ ಅದನ್ನು ಹಚ್ಚಿ ಕುಲುಮೆಯಂಥ ಓವನ್‌ನಲ್ಲಿ ಬೇಯಿಸಿ ಕೂರಿಸುತ್ತಾರೆ. ಕಾರನ್ನು ಹಾಗೆ ಬೇಯಿಸುವುದಕ್ಕೆ ಆಗುತ್ತದಾ? ಪೇಂಟು, ರಬ್ಬರ್, ಪ್ಲಾಸ್ಟಿಕ್ ಒಂದೂ ಉಳಿಯುವುದಿಲ್ಲ. ಸ್ಪಂಜಿನಲ್ಲಿ ಹಚ್ಚಿ ಬಟ್ಟೆಯಲ್ಲಿ ಒರೆಸಿದರೆ ತವಾ ಮೇಲೆ ಕೂತ ಹಾಗೆ ಕೂರುವುದಿಲ್ಲ. ಹಾಗಾದರೆ ಅವತ್ತು ನೀರು ಉರುಳಿದ್ದು ಹೇಗೆ? ಹೊಸ ಪೇಂಟ್ ಮೇಲೆ ಯಾವ ವ್ಯಾಕ್ಸ್ ಹಚ್ಚಿದರೂ ನೀರು ಹಾಗೇ ಉರುಳುತ್ತದೆ. ನೂರೈವತ್ತು ರೂಪಾಯಿಯ ಡಬ್ಬಿಯಲ್ಲೂ ಉರುಳುತ್ತದೆ. ನನ್ನ ಕಾರಿನಲ್ಲಿ ಮೂರನೇ ತಿಂಗಳಿಗೇ ನೀರು ಹನಿಯಾಗುವುದು ನಿಂತಿತು.

ಅಲ್ಲಿಂದ ಶುರುವಾಯಿತು ನನ್ನ ಅಂಗಡಿ ಸುತ್ತಾಟ. ಬಿ.ಬಿ. ರಸ್ತೆಯ ಒಂದು ಅಂಗಡಿಗೆ ಹೋಗಿ ವ್ಯಾಕ್ಸ್ ಕೊಡಿ ಅಂದೆ. ಒಳಗಿನಿಂದ ಒಂದು ಡಬ್ಬಿ ತಂದು ಕೊಟ್ಟರು. ಮೇಲೆ 'ವ್ಯಾಕ್ಸ್ ಪಾಲಿಶ್' ಎಂದಿತ್ತು. ವ್ಯಾಕ್ಸ್ ಬೇರೆ, ಪಾಲಿಶ್ ಬೇರೆ ಅಲ್ವಾ ಎಂದು ಕೇಳಿದೆ. "ಎಲ್ಲಾ ಒಂದೇ ಅಕ್ಕಾ, ಶೈನಿಂಗ್ ಸೂಪರಾಗಿ ಬರುತ್ತೆ" ಅಂದರು. ನಾನು ಇನ್ನೊಂದು ಪ್ರಶ್ನೆ ಕೇಳಿದ್ದಕ್ಕೆ, "ಯಜಮಾನ್ರನ್ನ ಕಳಿಸಿ ಅಕ್ಕಾ, ಅವರಿಗೆ ಹೇಳ್ತೀನಿ" ಎಂದರು. ಕಾರು ನನ್ನ ಹೆಸರಲ್ಲಿದೆ. ಕಂತು ನನ್ನ ಸಂಬಳದಲ್ಲಿ ಹೋಗುತ್ತದೆ. ಓಡಿಸುವುದು ನಾನು, ತೊಳೆಯುವುದು ನಾನು. ನಮ್ಮ ಯಜಮಾನರಿಗೆ ಡ್ರೈವಿಂಗೇ ಬರುವುದಿಲ್ಲ. ಅವರಿಗೆ ಏನು ಹೇಳುತ್ತಾರಂತೆ?

ಎಲ್ಲಾ ಒಂದೇ ಅಲ್ಲ. ಈ ಒಂದು ಸುಳ್ಳಿನಿಂದ ನನ್ನ ಕಾರಿಗೆ ಆದಷ್ಟು ಹಾನಿ ಧೂಳಿನಿಂದಲೂ ಆಗಿಲ್ಲ. ಪಾಲಿಶ್ ಅಂದರೆ ಉಜ್ಜುವ ವಸ್ತು. ಅದರಲ್ಲಿ ಸಣ್ಣ ಪುಡಿ ಇರುತ್ತದೆ. ಅದು ಪೇಂಟಿನ ಮೇಲ್ಪದರವನ್ನು ಒಂಚೂರು ಸವೆಸಿ ಗೀರು ಕಾಣದ ಹಾಗೆ ಮಾಡುತ್ತದೆ. ವ್ಯಾಕ್ಸ್ ಸವೆಸುವುದಿಲ್ಲ, ಮೇಲೆ ಒಂದು ಪೊರೆ ಕಟ್ಟುತ್ತದೆ. ಒಂದು ತೆಗೆಯುವುದು, ಒಂದು ಇಡುವುದು. ಕಾರಿನ ಬಣ್ಣದ ಮೇಲೆ ಇರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ಅಷ್ಟೇ. ತಲೆಗೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಪಾಡುವುದು ಆ ಪದರವೇ. ಅದನ್ನು ನಾನು ಎರಡು ತಿಂಗಳು ಪ್ರತಿ ಭಾನುವಾರ ತೋಳು ನೋಯುವಷ್ಟು ಉಜ್ಜಿದ್ದೇನೆ. ಪೇಂಟ್ ಉಳಿಸುತ್ತಿದ್ದೇನೆ ಅಂದುಕೊಂಡು ಉಜ್ಜಿದ್ದೇನೆ! ಡಬ್ಬಿಯ ಹಿಂದೆ ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಉಜ್ಜುವ ಪುಡಿ ಇದೆ ಎಂದು ಬರೆದಿದ್ದರು. ನಾನು ನೋಡಿದ್ದು ಡಬ್ಬಿ ಖಾಲಿಯಾದ ಮೇಲೆ.

ಒಂದೇ ಒಂದು ಸಾಲು ಕನ್ನಡದಲ್ಲಿ ಹಾಕುವುದಕ್ಕೆ ಏನಾಗಿತ್ತು ಇವರಿಗೆ? ಇದು ಉಜ್ಜುತ್ತದೆ, ದಿನಾ ಹಚ್ಚಬೇಡಿ, ಇಷ್ಟೇ ಸಾಕು. ನಾನಾದರೂ ಮೊಬೈಲಿನಲ್ಲಿ ದೊಡ್ಡದು ಮಾಡಿಕೊಂಡು ಓದಿದೆ. ನನ್ನ ಮೈದುನ ಟ್ಯಾಕ್ಸಿ ಓಡಿಸುತ್ತಾನೆ. ಅವನು ಅದೇ ಡಬ್ಬಿ ಮೂರು ವರ್ಷದಿಂದ ಬಳಸುತ್ತಿದ್ದಾನೆ. ಅವನ ಕಾರಿನ ಟಾಪ್ ಮೇಲೆ ಬಣ್ಣ ಮಂಕಾಗಿ ಪದರ ಪದರ ಏಳುತ್ತಿದೆ. ಎಲ್ಲವೂ ಬಿಸಿಲಿನ ತಪ್ಪು ಎಂದೇ ಅವನು ತಿಳಿದಿದ್ದಾನೆ.

ಇನ್ನು ನಿಜವಾದ ವ್ಯಾಕ್ಸ್ ಹುಡುಕಿದೆ. ಕಾರ್ನೌಬಾ ಎಂದು ಬರುತ್ತದೆ. ಬ್ರೆಜಿಲ್‌ನ ಈಶಾನ್ಯ ಭಾಗದ ಒಂದು ಜಾತಿ ತಾಳೆ ಮರದ ಎಲೆಯಿಂದ ತೆಗೆಯುವ ಮೇಣ. ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಒಳ್ಳೆಯ ವಸ್ತು, ಅದರ ಮೇಲೆ ನನಗೆ ಸಿಟ್ಟಿಲ್ಲ. ಕಡು ಬಣ್ಣದ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಅಪ್ಪಟ ಕಾರ್ನೌಬಾ ಕಲ್ಲಿನಂತೆ ಗಟ್ಟಿ, ಹಾಗೇ ಹಚ್ಚುವುದಕ್ಕೇ ಆಗುವುದಿಲ್ಲ. ಅದಕ್ಕೆ ಎಣ್ಣೆ, ದ್ರಾವಕ ಎಲ್ಲಾ ಬೆರೆಸಿರುತ್ತಾರೆ. ಎಷ್ಟು ಭಾಗ ಮೇಣ ಇದೆ ಎಂದು ನಾನು ನೋಡಿದ ಡಬ್ಬಿಗಳಲ್ಲಿ ಬರೆದಿರಲಿಲ್ಲ. ಒಂದರಿಂದ ಎರಡು ತಿಂಗಳು ನಿಲ್ಲುತ್ತದೆ ಅನ್ನುವುದು ನೆರಳಿನಲ್ಲಿ ನಿಲ್ಲಿಸುವವರ ಲೆಕ್ಕ. ನಮ್ಮ ಶಾಲೆಯ ಅಂಗಳದಲ್ಲಿ ಮಾರ್ಚ್ ತಿಂಗಳ ಬಿಸಿಲಿಗೆ ಕಡು ಬಣ್ಣದ ಬಾನೆಟ್ ಮೇಲೆ ಕೈ ಇಡುವುದಕ್ಕೆ ಆಗುವುದಿಲ್ಲ. ನನಗೆ ಮೂರು ವಾರ ಬಂತು.

ಸೀಲೆಂಟ್ ಬಗ್ಗೆ ನಮ್ಮೂರಿನ ಯಾವ ಅಂಗಡಿಯಲ್ಲೂ ಯಾರೂ ಹೇಳಲಿಲ್ಲ. ಕೇಳಿದರೆ ಗಾಜಿಗೆ ಹಚ್ಚುವ ಗಮ್ ತೋರಿಸಿದರು. ಸೀಲೆಂಟ್ ಅಂದರೆ ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ಪೇಂಟಿಗೆ ಅಂಟಿಕೊಂಡು ಗಟ್ಟಿಯಾಗುತ್ತದೆ, ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ದಿನಾ ಬಿಸಿಲಲ್ಲಿ ನಿಲ್ಲುವ ನನ್ನಂಥವರ ಕಾರಿಗೆ ಮೊದಲ ದಿನವೇ ಹೇಳಬೇಕಾಗಿದ್ದದ್ದು ಇದನ್ನು. ಬೆಂಗಳೂರಿಂದ ತರಿಸಿದೆ, ಒಂಬೈನೂರು ರೂಪಾಯಿ. ಅಲ್ಲೂ ಎಡವಿದೆ. ಹಳೆಯ ವ್ಯಾಕ್ಸ್‌ನ ಎಣ್ಣೆ ಪೇಂಟಿನ ಮೇಲೆ ಉಳಿದಿದ್ದರೆ ಸೀಲೆಂಟ್ ಹಿಡಿಯುವುದಿಲ್ಲ. ಮೊದಲು ಸೀಲೆಂಟ್, ಬೇಕಾದರೆ ಅದರ ಮೇಲೆ ವ್ಯಾಕ್ಸ್. ನಾನು ಉಲ್ಟಾ ಮಾಡಿದೆ. ಹಚ್ಚಿದ ಮೇಲೆ ಡಬ್ಬಿಯಲ್ಲಿ ಹೇಳಿದಷ್ಟು ಗಂಟೆ ನೀರು ಸೋಕಬಾರದು ಅನ್ನುವುದೂ ಗೊತ್ತಿರಲಿಲ್ಲ. ಸಂಜೆ ಮಳೆ ಬಂತು. ಒಂಬೈನೂರು ರೂಪಾಯಿ ಚರಂಡಿಗೆ ಹೋಯಿತು.

ಎರಡನೇ ಸಲ ಸರಿಯಾಗಿ ಮಾಡಿದೆ. ಶಾಂಪೂ ಹಾಕಿ ತೊಳೆದು, ಜೇಡಿಮಣ್ಣಿನ ಹಾಗಿರುವ ಕ್ಲೇ ಉಂಡೆಯಿಂದ ಅಂಟಿದ ಕೊಳೆಯೆಲ್ಲಾ ತೆಗೆದು, ಎಣ್ಣೆ ಒರೆಸಿ, ನೆರಳಿನಲ್ಲಿ ತೆಳ್ಳಗೆ ಹಚ್ಚಿದೆ. ನೀರು ಮತ್ತೆ ಮುತ್ತಿನ ಹಾಗೆ ನಿಂತಿತು. ಎಷ್ಟು ಖುಷಿಯಾಯಿತು ಅಂದರೆ ಮಗಳನ್ನು ಕರೆದು ತೋರಿಸಿದೆ.

ಆ ಮುತ್ತುಗಳೇ ಈಗ ಉಂಗುರಗಳಾಗಿ ಕೂತಿವೆ. ನನ್ನ ಸಿಟ್ಟಿನ ಮೂಲ ಇದು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಇರುತ್ತದೆ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ನಮ್ಮ ಬೋರಿನ ನೀರಿಗೆ ಸೋಪು ನೊರೆಯನ್ನೇ ಕೊಡುವುದಿಲ್ಲ. ಇಂಥ ನೀರು ಪೇಂಟ್ ಮೇಲೆ ಹನಿಯಾಗಿ ನಿಂತರೆ, ನೀರು ಆವಿಯಾಗಿ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಬಿಸಿಲಿಗೆ ಅದು ಕಾದು ಕ್ಲಿಯರ್ ಕೋಟನ್ನು ಕಚ್ಚಿಕೊಳ್ಳುತ್ತದೆ. ಅಂದರೆ ನೀರು ಹನಿಯಾಗಿ ನಿಲ್ಲುವ ಕೋಟಿಂಗ್ ಹಾಕಿಸಿಕೊಂಡವರು, ತೊಳೆದ ಕೂಡಲೇ ಪ್ರತಿ ಹನಿಯನ್ನೂ ಒರೆಸಲೇಬೇಕು. ಇಲ್ಲದಿದ್ದರೆ ಹನಿಗೊಂದು ಕಲೆ. ಯಾವ ಹನಿ ತೋರಿಸಿ ಆ ಹುಡುಗ ನನ್ನಿಂದ ದುಡ್ಡು ಕಟ್ಟಿಸಿಕೊಂಡನೋ, ಆ ಹನಿಯ ಬಗ್ಗೆ ಹೇಳಬೇಕಾದ ಒಂದೇ ಮಾತನ್ನು ಹೇಳಲಿಲ್ಲ. ನಮ್ಮದು ಬೋರ್‌ವೆಲ್ ನೀರು ಎಂದು ನಾನು ಹೇಳಿದ್ದೆ. ಎರಡು ಸಲ ಹೇಳಿದ್ದೆ.

ಹೊಸ ಕಲೆಯಾದರೆ ವಿನಿಗರ್‌ಗೆ ಸಮ ನೀರು ಬೆರೆಸಿ ಸ್ವಲ್ಪ ಹೊತ್ತು ಇಟ್ಟು ತೊಳೆದರೆ ಹೋಗುತ್ತದೆ. ಮೇಲಿನ ವ್ಯಾಕ್ಸೂ ಅದರ ಜೊತೆ ಹೋಗಬಹುದು, ಇರಲಿ. ನನ್ನವು ಹಳೆಯವು, ಪೇಂಟಿನ ಒಳಗೆ ಇಳಿದಿವೆ. ಇವುಗಳನ್ನು ತೆಗೆಯಬೇಕಾದರೆ ಪಾಲಿಶ್ ಹಾಕಿ ಉಜ್ಜಬೇಕು. ಅದೇ ಪಾಲಿಶ್! ಇರುವ ಪದರವನ್ನು ನಾನು ಆಗಲೇ ಎರಡು ತಿಂಗಳು ಸವೆಸಿ ಕೂತಿದ್ದೇನೆ. ಇನ್ನೆಷ್ಟು ಉಳಿದಿದೆಯೋ ಅಳೆಯುವ ಮೀಟರ್ ಇಲ್ಲಿ ಯಾರ ಹತ್ತಿರವೂ ಕಾಣಲಿಲ್ಲ.

ತೊಳೆದ ಮೇಲೆ ಕೊನೆಗೆ ಒಂದು ಬಾಟಲಿ ಆರ್‌ಓ ನೀರಿನಲ್ಲಿ ಜಾಲಿಸಿ ಎಂದು ಒಬ್ಬರು ಸಲಹೆ ಕೊಟ್ಟರು. ಅದು ಸರಿಯಾದ ಸಲಹೆಯೇ. ಆದರೆ ಬೇಸಿಗೆಯಲ್ಲಿ ಶುದ್ಧ ನೀರಿನ ಘಟಕದ ಮುಂದೆ ಅಮ್ಮಂದಿರು ಕ್ಯಾನ್ ಹಿಡಿದು ಸಾಲಾಗಿ ನಿಂತಿರುವಾಗ, ಆ ನೀರನ್ನು ಕಾರಿಗೆ ಸುರಿಯುವುದಕ್ಕೆ ನನ್ನ ಕೈ ಬರುವುದಿಲ್ಲ. ಈಗ ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಆರಕ್ಕೆ, ಒಂದೊಂದು ಭಾಗ ತೊಳೆದು ಆಗಿಂದಾಗಲೇ ದಪ್ಪ ಮೈಕ್ರೋಫೈಬರ್ ಟವೆಲಿನಲ್ಲಿ ಒತ್ತಿ ಒಣಗಿಸುತ್ತೇನೆ. ಒಣ ಬಟ್ಟೆಯಲ್ಲಿ ಧೂಳು ಕೊಡವುವುದನ್ನು ಪೂರ್ತಿ ಬಿಟ್ಟಿದ್ದೇನೆ. ಕ್ರಷರ್ ಧೂಳು ಬರೀ ಮಣ್ಣಲ್ಲ, ಗ್ರಾನೈಟ್ ಪುಡಿ. ಅದರಲ್ಲಿ ಬೆಣಚು ಕಲ್ಲು ಇರುತ್ತದೆ, ಉಕ್ಕಿನ ಚಾಕುವಿನಿಂದ ಗೀರಿದರೂ ಗೀರು ಬೀಳದಷ್ಟು ಗಟ್ಟಿ. ಆ ಹಳದಿ ಬಟ್ಟೆಯಲ್ಲಿ ದಿನಾ ಬೆಳಿಗ್ಗೆ ಕಾರು ಒರೆಸುವವರನ್ನು ನಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿ ನೋಡುತ್ತೇನೆ. ಅವರಿಗೆ ಹೇಳಿದ್ದೇನೆ. ಒಬ್ಬರು ಬಿಟ್ಟಿದ್ದಾರೆ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿದರೆ ಮಿಂಚುತ್ತದೆ ಅನ್ನುವವರಿಗೂ ದಯವಿಟ್ಟು ಬೇಡ ಎನ್ನುತ್ತೇನೆ. ಆ ಜಿಡ್ಡಿಗೆ ಇದೇ ಕಲ್ಲಿನ ಪುಡಿ ಬಂದು ಅಂಟುತ್ತದೆ.

ಹೋದ ವಾರ ಶೋರೂಮಿಗೆ ಹೋದೆ. ಟೆಫ್ಲಾನ್ ಕೋಟಿಂಗ್ ಜೊತೆ ಕೊಟ್ಟಿದ್ದ ಕಾರ್ಡ್ ತೋರಿಸಿದೆ. ಮೂರು ವರ್ಷದ ಗ್ಯಾರಂಟಿ ಎಂದು ಮುಂದೆ ದಪ್ಪ ಅಕ್ಷರ. ಹಿಂದೆ ಸಣ್ಣ ಅಕ್ಷರದಲ್ಲಿ ನೀರಿನ ಕಲೆ, ಹಕ್ಕಿ ಹಿಕ್ಕೆ, ಮರದ ಅಂಟು, ಕಲ್ಲಿನ ಏಟು ಇದಕ್ಕೆಲ್ಲಾ ಅನ್ವಯಿಸುವುದಿಲ್ಲ ಎಂದಿದೆ. ಹಾಗಾದರೆ ಯಾವುದಕ್ಕೆ ಅನ್ವಯಿಸುತ್ತದೆ ಎಂದು ಕೇಳಿದೆ. ಉತ್ತರ ಬರಲಿಲ್ಲ. "ನಿಮ್ ನೀರು ಸರಿ ಇಲ್ಲ ಮೇಡಂ, ಸೆರಾಮಿಕ್ ಕೋಟಿಂಗ್ ಮಾಡಿಸ್ಬಿಡಿ, 9ಎಚ್ ಗಟ್ಟಿ, ವಜ್ರದ ಹಾಗೆ" ಎಂದರು. ಪೇಂಟ್ ಮೇಲೆ ಗಾಜಿನ ಹಾಗೆ ಗಟ್ಟಿಯಾಗುವ ಲೇಪ ಅದು. ಇಪ್ಪತ್ತೆಂಟು ಸಾವಿರ. ನಾನು ವಿಜ್ಞಾನ ಪಾಠ ಮಾಡುವವಳು. 9ಎಚ್ ಅನ್ನುವುದು ಪೆನ್ಸಿಲ್ ಗಡಸುತನದ ಅಳತೆ. ಚಿತ್ರ ಬಿಡಿಸುವ 9ಎಚ್ ಪೆನ್ಸಿಲ್ ಇದೆಯಲ್ಲ, ಅದರಿಂದ ಗೀರಿದರೆ ಗೀರು ಬೀಳಬಾರದು ಎಂದು ಅರ್ಥ. ವಜ್ರಕ್ಕೂ ಅದಕ್ಕೂ ಏನು ಸಂಬಂಧ? ಅದರ ಮೇಲೂ ನಮ್ಮ ನೀರು ಹನಿಯಾಗಿಯೇ ನಿಲ್ಲುತ್ತದೆ, ಕಲೆಯೂ ಬೀಳುತ್ತದೆ. ಇದನ್ನು ನಾನು ಅವರಿಗೆ ಹೇಳಿದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ, ಆಮೇಲೆ ಫೋನ್ ಮಾಡಿಸುತ್ತೇವೆ ಎಂದರು. ಒಂಬತ್ತು ದಿನ ಆಯಿತು, ಫೋನ್ ಬಂದಿಲ್ಲ.

ನಿನ್ನೆ ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಿದೆ. ದೂರಿನ ನಂಬರ್ ಮೆಸೇಜಿನಲ್ಲಿ ಬಂದಿದೆ. ಬಿಲ್ಲು, ಆ ಕಾರ್ಡಿನ ಎರಡೂ ಬದಿ, ಬಾನೆಟ್‌ನ ಹದಿನಾರು ಫೋಟೊ, ಖಾಲಿ ವ್ಯಾಕ್ಸ್ ಪಾಲಿಶ್ ಡಬ್ಬಿ ಸಮೇತ ಎಲ್ಲಾ ಒಂದು ಚೀಲದಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆ ಇದೇ ಥರ ಟೆಫ್ಲಾನ್ ಎಂದು ದುಡ್ಡು ಕಟ್ಟಿ ಬಾನೆಟ್ ತುಂಬಾ ಉಂಗುರ ಬಿದ್ದವರು ಯಾರಾದರೂ ಇದ್ದರೆ ನಿಮ್ಮ ಬಿಲ್ಲು ಬಿಸಾಡಬೇಡಿ. ನನಗೆ ತಿಳಿಸಿ, ಜೊತೆಗೆ ಹೋಗೋಣ.